ಅರಿವು ಒಂದೇ ಹಾಡಿಗೆ ಮುಗಿದುಹೋದವರಲ್ಲ

'ಎಂಜಾಯ್ ಎಂಜಾಮಿ' ಹಾಡಿದ ತಮಿಳು ರ‍್ಯಾಪರ್ ಅರಿವು ಒಂದೇ ಹಾಡಿಗೆ ಮುಗಿದುಹೋದರಾ, ಆಮೇಲೆ ಅವರ ಹೆಸರೇ ಕೇಳಿಸಲಿಲ್ಲವಲ್ಲ ಅಂತ ಕೇಳಿದ್ದೀರಿ. ಮುಗಿದುಹೋಗಿಲ್ಲ. ಆ ಹಾಡು ಬರುವ ಮೊದಲೇ ಅವರು ಗಟ್ಟಿ ಕೆಲಸ ಮಾಡಿದ್ದರು, ಆಮೇಲೂ ಮಾಡುತ್ತಲೇ ಇದ್ದಾರೆ. ಹಾಡು ಊರೆಲ್ಲ ಸುತ್ತಿದ ಹೊತ್ತಿಗೆ ಹಾಡಿದವರ ಹೆಸರು ಯಾಕೆ ಹಿಂದೆ ಉಳಿಯಿತು ಅನ್ನುವುದು ಬೇರೆಯೇ ಕಥೆ. ನನಗೆ ಮುಖ್ಯ ಅನಿಸುವುದೂ ಅದೇ.

ಪೂರ್ತಿ ಹೆಸರು ಅರಿವರಸು ಕಲೈನೇಸನ್. ಊರು ಅರಕ್ಕೋಣಂ. ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಹೋದವರು ಆ ಜಂಕ್ಷನ್ ನೋಡಿಯೇ ಇರುತ್ತಾರೆ. ಜನ ಅವರನ್ನು ಮೊದಲು ಗುರುತಿಸಿದ್ದು 'ದಿ ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡದಲ್ಲಿ. ನಿರ್ದೇಶಕ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಕಟ್ಟಿದ ತಂಡ ಅದು. 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಕಾರ್ಯಕ್ರಮ. ಸಾವಿನ ಮನೆಯ ಮುಂದೆ ಹಾಡುವ ಗಾನಾ, ಪರೈ ವಾದ್ಯ, ರಾಕ್ ಗಿಟಾರ್, ರ‍್ಯಾಪ್ ಎಲ್ಲ ಒಂದೇ ವೇದಿಕೆಯಲ್ಲಿ. ತಮಿಳು ದಲಿತ ಚಿಂತಕ ಅಯೋತಿ ದಾಸರು ಬಳಸಿದ 'ಜಾತಿಭೇದವಿಲ್ಲದ ತಮಿಳರು' ಎಂಬ ಮಾತಿನಿಂದ ತಂಡದ ಹೆಸರು ಹುಟ್ಟಿದ್ದು. ಮೀಸಲಾತಿ, ದನದ ಮಾಂಸ ಇಂಥ ವಿಷಯಗಳನ್ನು ಸುತ್ತಿ ಬಳಸದೆ ನೇರವಾಗಿ ಹಾಡಿದರು. ಅರಿವು ಅಲ್ಲಿ ಪಳಗಿದರು. 2019ರಲ್ಲಿ ಆಫ್‌ರೋ ಎಂಬ ಸಂಗೀತ ನಿರ್ಮಾಪಕರ ಜೊತೆ 'ತೆರುಕುರಳ್' ಆಲ್ಬಂ ತಂದರು. ಸಿನಿಮಾಕ್ಕೂ ಬರೆದರು, ವಿಜಯ್ ಅವರ 'ಮಾಸ್ಟರ್'ನಲ್ಲಿ 'ವಾತಿ ರೇಡ್' ಬರೆದು ಅನಿರುದ್ಧ್ ಜೊತೆ ಹಾಡಿದರು.

2021ರ ಮಾರ್ಚ್‌ನಲ್ಲಿ 'ಎಂಜಾಯ್ ಎಂಜಾಮಿ' ಬಂತು. ಧೀ ಮತ್ತು ಅರಿವು ಹಾಡಿದ್ದು, ಸಂಗೀತ ನಿರ್ಮಾಣ ಸಂತೋಷ್ ನಾರಾಯಣನ್ ಅವರದು, ಬಿಡುಗಡೆ ಮಾಡಿದ್ದು 'ಮಾಜ್ಜಾ' ಎಂಬ ಹೊಸ ಲೇಬಲ್, ಅಂದರೆ ಸಂಗೀತ ಕಂಪನಿ. ಅದು ಸಿನಿಮಾ ಹಾಡಲ್ಲ, ಆದರೂ ಕೋಟಿಗಟ್ಟಲೆ ಜನ ನೋಡಿದರು. ನಮ್ಮ ಕಡೆ ಮದುವೆ ಮನೆಗಳಲ್ಲೂ ಮಕ್ಕಳು ಅದಕ್ಕೆ ಕುಣಿದರು. ಕುಣಿದದ್ದರಲ್ಲಿ ತಪ್ಪೇನಿಲ್ಲ, ಬೀಟ್ ಹಾಗಿದೆ. ಆದರೆ ಹಾಡಿನ ಒಳಗಿರುವುದು ಅರಿವು ಅವರ ಅಜ್ಜಿ ವಳ್ಳಿಯಮ್ಮಾಳ್ ಅವರ ಬದುಕು. ಸಿಲೋನಿನ (ಈಗಿನ ಶ್ರೀಲಂಕಾದ) ಚಹಾ ತೋಟದಲ್ಲಿ ದುಡಿದು, ಕೊನೆಗೆ ಅಲ್ಲಿಂದ ಹೊರಟು ಬರಬೇಕಾದವರು ಅವರು. ಮರ ನೆಟ್ಟು ತೋಟ ಮಾಡಿದೆ, ತೋಟ ಸೊಂಪಾಗಿ ಬೆಳೆಯಿತು, ನನ್ನ ಗಂಟಲು ಮಾತ್ರ ಒಣಗಿಯೇ ಇದೆ ಅನ್ನುವ ಅರ್ಥದ ಸಾಲುಗಳು ಅದರಲ್ಲಿವೆ. ಸತ್ತವರ ಮುಂದೆ ಹಾಡಿಕೊಂಡು ಅಳುವ ಒಪ್ಪಾರಿಯ ಧಾಟಿ ಅದು.

ನಾನು ಸುಳ್ಯದವನಾದ್ದರಿಂದ ಈ ಭಾಗ ನನಗೆ ದೂರದ ಚರಿತ್ರೆ ಅಲ್ಲ. 1948ರ ಕಾನೂನು ತೋಟದ ತಮಿಳರಲ್ಲಿ ಹೆಚ್ಚಿನವರನ್ನು ಸಿಲೋನಿನ ಪೌರತ್ವದಿಂದ ಹೊರಗಿಟ್ಟಿತು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ 5,25,000 ಜನರನ್ನು ಭಾರತ ಕರೆಸಿಕೊಳ್ಳುವುದು ಎಂದಾಯಿತು. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟರು. ಅವರ ಮಕ್ಕಳು ನನ್ನ ಜೊತೆ ಕನ್ನಡ ಶಾಲೆಗೆ ಬಂದರು. ಒಬ್ಬ ಗೆಳೆಯನ ಅಜ್ಜಿ ನಸುಕಿನಲ್ಲೇ ಟ್ಯಾಪಿಂಗ್ ಮುಗಿಸಿ ಬಂದು ಜಗುಲಿಯಲ್ಲಿ ಕೂರುತ್ತಿದ್ದರು. ಬೆರಳ ಸಂದಿಯಲ್ಲಿ ರಬ್ಬರ್ ಹಾಲು ಒಣಗಿ ಅಂಟಿಕೊಂಡಿರುತ್ತಿತ್ತು. ಸಿಲೋನಿನ ಮಾತು ಬಂದರೆ ಎರಡೂ ಕೈ ಎತ್ತಿ, ಎರಡು ಎಲೆ ಒಂದು ಕುಡಿ ಹೇಗೆ ಕೀಳಬೇಕೆಂದು ಗಾಳಿಯಲ್ಲೇ ಚಕಚಕ ಕಿತ್ತು ತೋರಿಸುತ್ತಿದ್ದರು. ಅಂಥವರ ಕಥೆಯನ್ನು ಇಷ್ಟು ದೊಡ್ಡ ದನಿಯಲ್ಲಿ ಹೇಳಿದ ಹಾಡು ಅದಕ್ಕೆ ಮೊದಲು ನನ್ನ ಕಿವಿಗೆ ಬಿದ್ದಿರಲಿಲ್ಲ.

ಈಗ ಹೆಸರಿನ ವಿಚಾರ. 2021ರ ಆಗಸ್ಟ್‌ನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ' ಮುಖಪುಟದಲ್ಲಿ ಧೀ ಮತ್ತು ಕೆನಡಾದ ತಮಿಳು ರ‍್ಯಾಪರ್ ಶಾನ್ ವಿನ್ಸೆಂಟ್ ಡಿ ಪಾಲ್ ಚಿತ್ರ ಬಂತು. ಬರಹದಲ್ಲಿ ಪ್ರಸ್ತಾಪವಾದ ಹಾಡುಗಳು 'ಎಂಜಾಯ್ ಎಂಜಾಮಿ' ಮತ್ತು 'ನೀಯೇ ಒಳಿ'. ಎರಡಕ್ಕೂ ಸಾಹಿತ್ಯ ಬರೆದ ಅರಿವು ಮುಖಪುಟದಲ್ಲಿರಲಿಲ್ಲ. ಅವರನ್ನು ಮತ್ತೊಮ್ಮೆ ಮರೆಮಾಡಲಾಗಿದೆ ಎಂದು ಪಾ. ರಂಜಿತ್ ಬಹಿರಂಗವಾಗಿಯೇ ಹೇಳಿದರು. ಗಲಾಟೆ ಆದ ಮೇಲೆ ಪತ್ರಿಕೆ ಅರಿವು ಅವರ ಡಿಜಿಟಲ್ ಮುಖಪುಟ ತಂದಿತು. 2022ರ ಜುಲೈನಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಅದೇ ಹಾಡನ್ನು ಧೀ ಮತ್ತು ಕಿಡಾಕುಳಿ ಮಾರಿಯಮ್ಮಾಳ್ ಹಾಡಿದರು, ಅರಿವು ಇರಲಿಲ್ಲ. ಟ್ಯೂನ್ ಆಗಲಿ ಒಂದು ಪದವಾಗಲಿ ನನಗೆ ಯಾರೂ ಕೊಟ್ಟದ್ದಲ್ಲ ಎಂದು ಅರಿವು ಬರೆದುಕೊಂಡರು. ಧೀ, ಅರಿವು, ತಾನು ಮೂವರೂ ಸೇರಿ ಮಾಡಿದ ಹಾಡು, ಹಕ್ಕು ಮತ್ತು ಆದಾಯ ಮೂವರಿಗೂ ಸಮಪಾಲು, ಆಗ ಅರಿವು ಅಮೆರಿಕದಲ್ಲಿದ್ದರು ಎಂದು ಸಂತೋಷ್ ಉತ್ತರಿಸಿದರು. 2024ರಲ್ಲಿ ಅದೇ ಸಂತೋಷ್, ಈ ಹಾಡಿನಿಂದ ನಮಗೆ ಯಾರಿಗೂ ಒಂದು ಪೈಸೆ ಬಂದಿಲ್ಲ ಎಂದು ಲೇಬಲ್ ಮೇಲೆ ಆರೋಪಿಸಿದರು.

ಟ್ಯೂನ್ ಯಾರದೆಂಬ ಜಗಳದಲ್ಲಿ ಹೊರಗಿನವನಾದ ನಾನು ತೀರ್ಪು ಕೊಡಲಾರೆ. ಮಾತು ಯಾರದೆನ್ನುವುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ರ‍್ಯಾಪರ್‌ಗೆ ಮಾತೇ ಬಂಡವಾಳ. ಬೀಟ್ ಇನ್ನೊಬ್ಬರದಾಗಬಹುದು, ವಿಡಿಯೊ ಮತ್ತೊಬ್ಬರದಾಗಬಹುದು, ಅಜ್ಜಿಯ ನೆನಪು ಇನ್ಯಾರದೂ ಆಗುವುದಿಲ್ಲ. ಅದನ್ನು ಕೊಟ್ಟವರು ಮುಖಪುಟದಲ್ಲಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ, ಇವತ್ತಿಗೂ ಬರುತ್ತದೆ. ಕನ್ನಡದಲ್ಲಿ ರ‍್ಯಾಪ್ ಬರೆಯುವ ಹುಡುಗರಿಗೂ ಅದಕ್ಕೇ ಹೇಳುವುದು: 2012ರ ಕೃತಿಸ್ವಾಮ್ಯ ತಿದ್ದುಪಡಿಯಿಂದ ಸಾಹಿತ್ಯ ಬರೆದವರಿಗೆ ರಾಯಲ್ಟಿಯಲ್ಲಿ ಪಾಲಿದೆ. ಲೇಬಲ್‌ನವರು ಕೊಟ್ಟ ಕಾಗದಕ್ಕೆ ಸಹಿ ಹಾಕುವ ಮೊದಲು ವಕೀಲರಿಗೊಮ್ಮೆ ತೋರಿಸಿ.

ಅರಿವು ಆಮೇಲೆ 'ಅರಿವು ಅಂಡ್ ದಿ ಅಂಬಾಸಾ' ಎಂಬ ಸ್ವಂತ ತಂಡ ಕಟ್ಟಿದರು. 2024ರಲ್ಲಿ 'ವಳ್ಳಿಯಮ್ಮ ಪೇರಾಂಡಿ' ಆಲ್ಬಂ ಬಂತು. ವಳ್ಳಿಯಮ್ಮನ ಮೊಮ್ಮಗ ಅಂತ ತನ್ನನ್ನು ತಾನೇ ಕರೆದುಕೊಂಡದ್ದು. ಸಿನಿಮಾದ ಪ್ರಚಾರ ಇಲ್ಲದ ಕಾರಣ ನಿಮ್ಮವರೆಗೆ ಬಂದಿಲ್ಲ ಅಷ್ಟೆ. ಕೇಳುವುದಾದರೆ ಮೊದಲು 'ತೆರುಕುರಳ್' ಹಾಕಿ, ಆಮೇಲೆ 'ವಳ್ಳಿಯಮ್ಮ ಪೇರಾಂಡಿ'. ತಮಿಳು ಬಾರದಿದ್ದರೆ ಸಾಹಿತ್ಯವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಅರ್ಧಕ್ಕರ್ಧ ಪದ ಕನ್ನಡದವರಿಗೆ ಹೇಗೂ ಹಿಡಿತಕ್ಕೆ ಸಿಗುತ್ತವೆ.