ಭಾರ ಬೇರೆ, ಓವರ್‌ಲೋಡ್ ಬೇರೆ

ಪ್ರಶ್ನೆ: ನಮ್ಮೂರಲ್ಲಿ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟಾಗಲೆಲ್ಲ ಲೈನ್‌ಮನ್ ‘ಓವರ್‌ಲೋಡ್ ಆಗಿದೆ’ ಅನ್ನುತ್ತಾರೆ. ಲಾರಿಗೂ ಅದೇ ಮಾತು. ಮಗಳು ಆಫೀಸಿನಿಂದ ಬಂದು ‘ವರ್ಕ್ ಓವರ್‌ಲೋಡ್’ ಅನ್ನುತ್ತಾಳೆ. ಸುಮ್ನೆ ‘ಭಾರ’ ಅಂದರೆ ಸಾಲದೇ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಸಾಲದು. ಭಾರ ಅಂದರೆ ತೂಕ ಇದೆ ಅಂತಷ್ಟೇ ಗೊತ್ತಾಗುತ್ತದೆ. ಓವರ್‌ಲೋಡ್ ಅನ್ನಬೇಕಾದರೆ ಮೊದಲು ಒಂದು ಮಿತಿ ಇರಬೇಕು, ಅದನ್ನು ದಾಟಿರಬೇಕು. ಆರು ಚಕ್ರದ ಲಾರಿ ಸರಕೂ ಸೇರಿ 18.5 ಟನ್‌ವರೆಗೆ ತೂಗಬಹುದು ಅಂತ 2018ರಲ್ಲಿ ಮಿತಿ ಏರಿಸಿದರು. 18 ಟನ್ ಇದ್ದರೂ ಅದು ಬರೀ ಭಾರದ ಲಾರಿ. 20 ಟನ್ ಆಯಿತೋ, ಓವರ್‌ಲೋಡ್: ದಂಡ 20,000 ರೂಪಾಯಿ, ಜಾಸ್ತಿ ಹೇರಿದ ಪ್ರತಿ ಟನ್ನಿಗೆ ಮತ್ತೆ 2,000. ಅದೇ 1ನೇ ತರಗತಿಯ ಮಗುವಿನ ಬೆನ್ನಿಗೆ 4 ಕೆಜಿ ಬ್ಯಾಗೇ ಓವರ್‌ಲೋಡ್. 2 ಕೆಜಿ ದಾಟಬಾರದು ಅಂತ ನಮ್ಮ ಶಿಕ್ಷಣ ಇಲಾಖೆ 2019ರಲ್ಲೇ ಹೇಳಿದೆ.

ನಿಮ್ಮ ಟಿಸಿ ಕಥೆಯೂ ಇದೇ. 25 ಕೆವಿಎ ಸಾಮರ್ಥ್ಯದ ಟಿಸಿ 5 ಎಚ್‌ಪಿಯ ನಾಲ್ಕು ಪಂಪ್‌ಸೆಟ್ ತಡೆದೀತು, ಆದರೆ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಆಟೊ ಸ್ಟಾರ್ಟರ್ ಹಾಕಿಟ್ಟ ಎಂಟು ಮೋಟರ್ ಒಟ್ಟಿಗೇ ಓಡಲು ಶುರುವಾದರೆ ಏನು ಮಾಡೀತು ಪಾಪ? ಕರೆಂಟು ಎರಡರಷ್ಟು ಹರಿದರೆ ಟಿಸಿಯೊಳಗಿನ ತಂತಿ ಸುರುಳಿಯ (ವೈಂಡಿಂಗ್) ಬಿಸಿ ನಾಲ್ಕರಷ್ಟು ಏರುತ್ತದೆ. ಎಣ್ಣೆ ಕಾಯುತ್ತದೆ, ವೈಂಡಿಂಗ್ ಸುಟ್ಟು ಹೋಗುತ್ತದೆ, ಬೆಳೆಗೆ ನೀರಿಲ್ಲದೆ ಊರೇ ಕಾಯಬೇಕು.

ಕನ್ನಡದಲ್ಲಿ ಬರೆಯುವಾಗ ‘ಮಿತಿಮೀರಿದ ಹೊರೆ’ ಅನ್ನಿ, ಅರ್ಥ ಪೂರ್ತಿ ಬರುತ್ತದೆ. ‘ಅತಿಭಾರ’ವೂ ನಡೆಯುತ್ತದೆ. ಲೈನ್‌ಮನ್ ಹತ್ತಿರ ಮಾತ್ರ ಓವರ್‌ಲೋಡ್ ಅಂತಲೇ ಹೇಳಿ, ಆ ಪದ ಈಗ ನಮ್ಮದೇ ಅಲ್ವಾ?

ಆದರೆ ನನಗೆ ಬಹಳ ಇಷ್ಟವಾದ ಎರಡು ಮಾತು ಇಲ್ಲಿವೆ: ಹೊರು, ಹೇರು. ಹೊರುವವರು ಒಬ್ಬರು, ಹೇರುವವರು ಇನ್ನೊಬ್ಬರು. ‘ಓವರ್‌ಲೋಡ್ ಆಗಿದೆ’ ಅಂದಾಗ ಅದು ಮಳೆ ಬಂದ ಹಾಗೆ ತಾನಾಗೇ ಆಯಿತೇನೋ ಅನ್ನಿಸುತ್ತದೆ. ‘ಕೆಲಸ ಹೇರಿದ್ದಾರೆ’ ಅನ್ನಿ, ಹೇರಿದವರು ಯಾರು ಅನ್ನೋ ಪ್ರಶ್ನೆ ತಕ್ಷಣ ಏಳುತ್ತದೆ. ಇವತ್ತು ಮಗಳು ಮನೆಗೆ ಬಂದ ಮೇಲೆ ಒಂದು ಲೋಟ ಕಾಫಿ ಕೊಟ್ಟು ಕೇಳಿ ನೋಡಿ: ಈಗ ಅವಳು ಹೊರುತ್ತಿರುವ ಕೆಲಸವನ್ನು ಮೊದಲು ಎಷ್ಟು ಜನ ಮಾಡುತ್ತಿದ್ದರು, ಅದನ್ನು ಅವಳೊಬ್ಬಳ ಮೇಲೆ ಹೇರಿದ್ದು ಯಾರು?