ಬೆಂಗಳೂರಿಗೆ ಹೋದರೆ ಎಷ್ಟು ಸಂಬಳ ಸಾಕು?

ಪ್ರಶ್ನೆ: ಹಾಸನದ ಸ್ವಂತ ಮನೆಯಲ್ಲಿದ್ದು, 45,000 ರೂಪಾಯಿ ಸಂಬಳದಲ್ಲಿ ನಾಲ್ವರ ಸಂಸಾರ ನಡೆಸುತ್ತಿದ್ದೇನೆ. ಬೆಂಗಳೂರಿನಲ್ಲಿ 70,000 ರೂಪಾಯಿಯ ಕೆಲಸ ಸಿಕ್ಕಿದೆ. ಹೋಗಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಸಂಬಳ 25,000 ರೂಪಾಯಿ ಹೆಚ್ಚಿದರೂ, ಎರಡು ಕೋಣೆಯ ಮನೆಯ ಬಾಡಿಗೆಯೊಂದೇ ಅದರ ಬಹುಪಾಲನ್ನು ನುಂಗಬಹುದು, ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಅಲ್ಲಿನ ರೂಢಿಯಾದ್ದರಿಂದ ಕೂಡಿಟ್ಟ ಹಣವೂ ಕರಗುತ್ತದೆ. 2025–26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12.75 ಲಕ್ಷದವರೆಗಿನ ಸಂಬಳಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ಆ ಚಿಂತೆ ನಿಮಗಿಲ್ಲ. ಆದರೆ ಭವಿಷ್ಯನಿಧಿಯ ಕಡಿತ, ಮಕ್ಕಳ ಶಾಲಾ ಶುಲ್ಕ, ವ್ಯಾನಿನ ಬಾಡಿಗೆ, ದಿನಸಿ, ಆರೋಗ್ಯ ವಿಮೆಯ ಕಂತು ಇವೆಲ್ಲ ಕಳೆದ ಮೇಲೂ ಐದನೇ ಒಂದು ಭಾಗ ಉಳಿಯದಿದ್ದರೆ ಅದನ್ನು ನೆಮ್ಮದಿಯ ಆದಾಯವೆಂದು ನಾನು ಒಪ್ಪುವುದಿಲ್ಲ. ಹಾಸನದ ಮನೆಯಿಂದ ಬಾಡಿಗೆ ಬರುವಂತಿದ್ದರೆ ಮಾತ್ರ ಹೊರಡಿ. ಇಲ್ಲವಾದರೆ 90,000 ರೂಪಾಯಿಗೆ ಕಡಿಮೆ ಒಪ್ಪಬೇಡಿ.