ತಪ್ಪು ಅಪ್ಪನದೇ?

ಪಾವಗಡದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಇಲಾಖೆಯೊಂದರ ಆ್ಯಪ್‌ನಲ್ಲಿ ಅರ್ಜಿ ಹಾಕಲು ನಮ್ಮ ತಂದೆ ಮೂರು ಸಲ ಹೆಣಗಿ ಕೈಬಿಟ್ಟರು. ಓಟಿಪಿ ಬೆಂಗಳೂರಿನಲ್ಲಿರುವ ನನ್ನ ಮೊಬೈಲಿಗೆ ಬರುತ್ತದೆ. ನಾನು ಹೇಳಿ, ಅವರು ಒತ್ತುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಕೊನೆಗೆ ಇಲ್ಲಿಂದ ನಾನೇ ಮಾಡಿ ಮುಗಿಸಿದೆ. ಆ್ಯಪ್‌ಗೆ ಜನ ನಾಲ್ಕು ನಕ್ಷತ್ರ ಕೊಟ್ಟಿದ್ದಾರೆ. ಹಾಗಾದರೆ ತಪ್ಪು ಅಪ್ಪನದೇ?”

ಖಂಡಿತ ಅವರದಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ‘ನಾನೇ ಮಾಡಿ ಮುಗಿಸಿದೆ’ ಎಂಬ ಮಾತು. ಇಲಾಖೆಯ ಲೆಕ್ಕದಲ್ಲಿ ಅದು ಸಲೀಸಾಗಿ ಮುಗಿದ ಒಂದು ಅರ್ಜಿ. ಅಪ್ಪ ಮೂರು ಸಲ ಸೋತದ್ದು ಅಲ್ಲಿ ಯಾರಿಗೂ ಕಾಣುವುದಿಲ್ಲ. ಊರಾಚೆಯ ಮಗ, ಪಕ್ಕದ ಮನೆಯ ಕಾಲೇಜು ಹುಡುಗಿ, ಗ್ರಾಮ ಒನ್ ಕೇಂದ್ರದವರು ದಿನವೂ ಆ್ಯಪ್‌ಗಳ ಕೊರತೆ ತುಂಬಿಕೊಡುತ್ತಿದ್ದಾರೆ. ಇನ್ನು ನಕ್ಷತ್ರಗಳ ಮಾತು: ಅರ್ಧಕ್ಕೇ ಕೈಬಿಟ್ಟ ನಿಮ್ಮ ತಂದೆಯವರು ಅಲ್ಲಿಗೆ ಹೋಗಿ ಅಭಿಪ್ರಾಯ ಬರೆಯುತ್ತಾರೆಯೇ?

ಬಳಸಲು ಸುಲಭವೇ ಎಂದು ಅಳೆಯುವುದಕ್ಕೆ ಐಎಸ್‌ಒ 9241-11 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕೆಲಸ ಪೂರ್ತಿಯಾಯಿತೇ, ಎಷ್ಟು ಶ್ರಮ ಹಿಡಿಯಿತು, ಬಳಸಿದವರಿಗೆ ಸಮಾಧಾನವಾಯಿತೇ ಎಂದು ಅದು ಕೇಳುತ್ತದೆ. ಅದೂ ಯಾರು, ಯಾವ ಕೆಲಸಕ್ಕೆ, ಎಂಥ ಜಾಗದಲ್ಲಿ ಬಳಸುತ್ತಾರೆ ಎಂದು ಗೊತ್ತುಮಾಡಿಕೊಂಡು.

ಬೆಳೆ ಸಮೀಕ್ಷೆಯನ್ನೇ ನೋಡಿ. 2020ರಿಂದ ನಮ್ಮ ರಾಜ್ಯದ ರೈತರು ತಮ್ಮ ಬೆಳೆಯನ್ನು ತಾವೇ ಮೊಬೈಲಿನಲ್ಲಿ ದಾಖಲಿಸಬಹುದು. ಬೆಂಬಲ ಬೆಲೆಯ ಖರೀದಿಗೂ ಬೆಳೆ ವಿಮೆಗೂ ಬೆಳೆ ಪರಿಹಾರಕ್ಕೂ ಆ ಮಾಹಿತಿ ಬೇಕು. ಇಂಥ ಆ್ಯಪ್ಪನ್ನು ಹೊಲದಲ್ಲಿ ನಿಂತೇ ಪರೀಕ್ಷಿಸಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರ ಕಾಣುತ್ತದೆಯೇ? ನೆಟ್‌ವರ್ಕ್ ಹೋದರೆ ತೆಗೆದ ಫೋಟೊ ಉಳಿಯುತ್ತದೆಯೇ? ರಾಗಿಯ ನಡುವೆ ತೊಗರಿ, ಅವರೆ ಅಕ್ಕಡಿ ಹಾಕಿದವರಿಗೆ ಅದನ್ನು ಎಲ್ಲಿ ನಮೂದಿಸಬೇಕೆಂದು ತಾನಾಗಿ ತಿಳಿಯುತ್ತದೆಯೇ? ಎಕರೆ, ಗುಂಟೆ ಎಣಿಸುವವರ ಬಳಿ ಹೆಕ್ಟೇರ್ ಕೇಳಿದರೆ ತಪ್ಪು ಅಂಕಿ ಬೀಳುತ್ತದೆ. ಅದರ ನಷ್ಟ ಗೊತ್ತಾಗುವುದು ವಿಮೆಯ ಹಣ ಕೇಳಲು ಹೋದ ದಿನ. ಭಾಷೆಯದ್ದೂ ಇದೇ ಕಥೆ. ‘ಅಮಾನ್ಯ ನಮೂನೆ’ ಎಂದು ಕೆಂಪಕ್ಷರದಲ್ಲಿ ತೋರಿಸಿದರೆ ರೈತ ಏನು ಮಾಡಬೇಕು? ‘ಸರ್ವೆ ನಂಬರ್ ಜೊತೆ ಹಿಸ್ಸಾ ನಂಬರನ್ನೂ ಹಾಕಿ’ ಎಂದರೆ ಕೆಲಸ ಮುಂದೆ ಸಾಗುತ್ತದೆ.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಐದು ಜನ ಬಳಸುವುದನ್ನು ಪಕ್ಕದಲ್ಲಿ ಕೂತು ನೋಡಿದರೆ ಬಹುಪಾಲು ತೊಡಕುಗಳು ಕಾಣುತ್ತವೆ ಎಂದು ಬಳಕೆಯ ಸುಲಭತೆ ಕುರಿತ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ನಮ್ಮಲ್ಲಿ ಐದು ಸಾಲದು. ಓದಲು ಬಾರದವರು, ದೃಷ್ಟಿ ಮಂದವಾದವರು, ಮನೆಯವರ ಫೋನನ್ನೇ ನೆಚ್ಚಿದ ಹೆಣ್ಣುಮಕ್ಕಳು, ಒಂದೊಂದು ಗುಂಪಿನಿಂದಲೂ ಐವರು ಬೇಕು.

ನಿಮ್ಮಲ್ಲಿ ಒಂದು ಕೋರಿಕೆ. ಊರಿಗೆ ಹೋದಾಗ ಅದೇ ಆ್ಯಪ್ ತೆರೆದು ತಂದೆಯವರ ಕೈಗೆ ಕೊಡಿ. ನೀವು ಫೋನ್ ಮುಟ್ಟಬೇಡಿ, ಹೇಳಿಕೊಡಲೂ ಬೇಡಿ. ಅವರ ಬೆರಳು ಎಲ್ಲೆಲ್ಲಿ ತಡೆದು ನಿಂತಿತು, ಆಗ ಅವರು ಏನೆಂದರು ಎಂಬುದನ್ನು ಅವರದೇ ಮಾತಿನಲ್ಲಿ ಬರೆದು ಕಳಿಸಿ. ಒಂದಕ್ಷರ ತಿದ್ದದೆ ಇಲಾಖೆಗೆ ತಲುಪಿಸುತ್ತೇವೆ.

– ಸಂಪಾದಕ